ಹುಲ್ಲುಗಾವಲಿನಲ್ಲಿ ಕಾವಲು ಎಲ್ಲಿ?

ಭೂಗೋಳ ಓದುವ ಜಯನಗರದ ಮಗುವಿಗೆ ‘ಹುಲ್ಲುಗಾವಲು’ ಎಂದರೆ ಆಫ್ರಿಕದ ಸವನ್ನಾ, ಅರ್ಜೆಂಟೀನದ ಪಂಪಾಸ್, ರಷ್ಯಾದ ಸ್ಟೆಪ್ಪಿ. ದೂರ ದೇಶಗಳ ಹುಲ್ಲಿನ ಬಯಲುಗಳಿಗೆಲ್ಲ ನಮ್ಮ ಪಠ್ಯಪುಸ್ತಕಗಳು ಈ ಪದವನ್ನೇ ಬಳಸುತ್ತವೆ. ಅನುವಾದ ತಪ್ಪಲ್ಲ. ಆದರೆ ಪದದ ಅರ್ಧ ಮಾತ್ರ ಅಲ್ಲಿಗೆ ತಲುಪಿದೆ.

ಹುಲ್ಲು ಮತ್ತು ಕಾವಲು ಸೇರಿ, ಆದೇಶ ಸಂಧಿಯಾಗಿ, ಹುಲ್ಲುಗಾವಲು. ಸವನ್ನಾ, ಸ್ಟೆಪ್ಪಿಗಳು ನೆಲ ಹೇಗಿದೆ ಎಂದಷ್ಟೇ ಹೇಳುತ್ತವೆ. ಕನ್ನಡದ ಪದ ಅದನ್ನು ಕಾಯಬೇಕಾದವರು ಇದ್ದಾರೆ ಎಂದೂ ಹೇಳುತ್ತದೆ.

ಮೈಸೂರು ಸೀಮೆಯಲ್ಲಿ ಇದು ಬರಿಯ ವ್ಯಾಕರಣವಾಗಿರಲಿಲ್ಲ, ಆಡಳಿತವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು. ಅದರ ದನಗಳಿಗೆ ಮೀಸಲಾದ ನೆಲವೇ ಅಮೃತ ಮಹಲ್ ಕಾವಲ್. ಸಂಸ್ಕೃತದ ಅಮೃತ, ಅರಬ್ಬಿಯ ಮಹಲ್, ಕನ್ನಡದ ಕಾವಲು ಒಂದೇ ಹೆಸರಿನಲ್ಲಿ ಜಗಳವಿಲ್ಲದೆ ಬಾಳಿದವು. ಬೇಸಿಗೆ, ಮಳೆ, ಚಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಒಂದರಲ್ಲಿ ದನ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಚಿಗುರುತ್ತಿತ್ತು.

ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಭೂದಾಖಲೆಗಳಲ್ಲಿ ‘ಉತ್ತರಹಳ್ಳಿ ಮನವರ್ತೆ ಕಾವಲ್’ ಇದೆ. ಜನರ ಬಾಯಲ್ಲಿ ಅದು ‘ಯು.ಎಂ. ಕಾವಲ್’. ಬನಶಂಕರಿಯ ಬಡಾವಣೆಗಳು ಅತ್ತ ಬೆಳೆದಂತೆ ಕಾವಲು ಎಂಬುದು ವಿಳಾಸವಾಗಿ ಉಳಿಯಿತು. ಅರ್ಥ ಕೇಳುವವರು ಎಷ್ಟು ಮಂದಿ?

ಕಂದಾಯ ಇಲಾಖೆಯ ಇನ್ನೊಂದು ಪದ ‘ಖರಾಬು’. ಇದೂ ಅರಬ್ಬಿಯದೇ, ಹಾಳು ಎಂದರ್ಥ. ಉಳುಮೆಗೆ ಬಾರದ ನೆಲ ಆ ಲೆಕ್ಕಕ್ಕೆ ಸೇರುತ್ತದೆ. ಬೆಳೆಯಿಲ್ಲದ್ದೆಲ್ಲ ಹಾಳು ಎಂಬ ಕಣ್ಣಿಗೆ ಹುಲ್ಲು ನೆಲ ಖಾಲಿ ಜಾಗವಾಗಿ ಕಾಣುವುದು ಸಹಜ. ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಆ ನೆಲ ಖಾಲಿಯಾಗಿರಲಿಲ್ಲ, ಕುರಿ-ದನ ಮೇಯಿಸುವವರ ಬದುಕು ಅದರ ಮೇಲಿತ್ತು.

ಕಾಯುವವರು ಇಲ್ಲವೆಂದಲ್ಲ. ಬನಶಂಕರಿ 6ನೇ ಹಂತದ ಬಳಿಯ ತುರಹಳ್ಳಿ ಕುರುಚಲು ಕಾಡಿನಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ, 2021ರಲ್ಲಿ ನಾಗರಿಕರು ವಿರೋಧಿಸಿದರು, ಸರಕಾರ ಯೋಜನೆ ಕೈಬಿಟ್ಟಿತು. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು 2024ರಲ್ಲಿ ಸಚಿವ ಸಂಪುಟ ಒಪ್ಪಿತು. ಎರಡು ಕಡೆಯೂ ಜನ ಮಾಡಿದ್ದು ಆ ಹಳೆಯ ಪದ ಹೇಳುವ ಕೆಲಸವನ್ನೇ.

ಪಠ್ಯಪುಸ್ತಕದಲ್ಲಿ ಪಂಪಾಸ್ ಇರಲಿ. ಅದರ ಪಕ್ಕದಲ್ಲಿ ಚಳ್ಳಕೆರೆ, ಹೆಸರಘಟ್ಟ, ಉತ್ತರಹಳ್ಳಿಯ ಹೆಸರೂ ಬರಲಿ. ಹುಲ್ಲು ತಾನಾಗಿ ಬೆಳೆಯುತ್ತದೆ. ಕಾವಲನ್ನು ಮಕ್ಕಳಿಗೆ ಕಲಿಸಬೇಕಾಗುತ್ತದೆ.