ನೆಲದಡಿಯ ಹಗ್ಗಗಳು

ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕರ ನಾಲ್ಕು ವಂಶವಾಹಿಗಳ ವೃತ್ತಾಂತವನ್ನು ಈ ವಾರ ಪೂರೈಸುವೆನೆಂದು ಮಾತು ಕೊಟ್ಟಿದ್ದೆನಾದರೂ, ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಆವರಣದಿಂದ ವಾಚಕರೊಬ್ಬರು ಬರೆದ ಆಕ್ಷೇಪವು ಅದಕ್ಕೂ ಮೊದಲೇ ಉತ್ತರವನ್ನು ಬೇಡುತ್ತಿದೆ. ವಂಶವಾಹಿಗಳ ಕ್ರಿಯೆಯ, ಅಳೆದು ನೋಡದ ವೇಗಗಳನ್ನು ಊಹಿಸಿ ಸಮೀಕರಣಗಳನ್ನು ರಚಿಸುವುದು ವ್ಯರ್ಥಶ್ರಮ, ವಂಶವಾಹಿಗಳ ಪಟ್ಟಿಯೊಂದು ಸಂಪೂರ್ಣವಾದರೆ ಜೀವಕೋಶದ ಮರ್ಮವು ತಾನಾಗಿ ಬಯಲಾಗುವುದು ಎಂಬುದು ಅವರ ವಾದ. ಪಟ್ಟಿಯೇ ಸಾಕೆನ್ನುವ ಈ ಪಂಥದೊಡನೆ ನನ್ನ ವಿವಾದ ಹಳೆಯದು.

2006ರಲ್ಲಿ ಯಮನಾಕರು 24 ವಂಶವಾಹಿಗಳಿಂದ ಆರಂಭಿಸಿ ನಾಲ್ಕಕ್ಕಿಳಿದು, ಇಲಿಯ ತಂತುಕೋಶಗಳನ್ನು ಕಾಂಡಕೋಶಗಳ ಸ್ಥಿತಿಗೆ ಮರಳಿಸಿದರು. ಪಟ್ಟಿ ಕೈಯಲ್ಲಿದ್ದೂ ಆ ನಾಲ್ಕನ್ನು ಪಡೆದ ಕೋಶಗಳಲ್ಲಿ ಅತ್ಯಲ್ಪ ಭಾಗವಷ್ಟೆ ಮರಳಿದುದೇಕೆ?

ಉತ್ತರದ ಸುಳಿವು ಹಳೆಯ ಚಿತ್ರವೊಂದರಲ್ಲಿದೆ. ಜೀವವಿಜ್ಞಾನಿ ವ್ಯಾಡಿಂಗ್ಟನ್ನರ 1957ರ ‘ದಿ ಸ್ಟ್ರಾಟಜಿ ಆಫ್ ದಿ ಜೀನ್ಸ್’ ಗ್ರಂಥದಲ್ಲಿರುವ, ಕವಲೊಡೆಯುವ ಕಣಿವೆಗಳ ಇಳಿಜಾರಿನ ನೆತ್ತಿಯಲ್ಲಿ ನಿಂತ, ಜೀವಕೋಶದ ಪ್ರತೀಕವಾದ ಚೆಂಡಿನ ಚಿತ್ರವನ್ನು ಎಲ್ಲರೂ ಬಲ್ಲರು. ನಾನು ಮತ್ತೆ ಮತ್ತೆ ತೆರೆಯುವುದು ಅದರ ಜೊತೆಯ ಚಿತ್ರವನ್ನು: ಅದೇ ನೆಲವನ್ನು ಅಡಿಯಿಂದ ನೋಡಿದರೆ, ಕೆಳಗೆ ನೆಟ್ಟ ಗೂಟಗಳೇ ವಂಶವಾಹಿಗಳು, ಅವುಗಳಿಂದ ಹೊರಟ ಹಗ್ಗಗಳು ಒಂದಕ್ಕೊಂದು ಹೆಣೆದುಕೊಂಡು ಮೇಲಿನ ಹಾಸನ್ನು ಜಗ್ಗಿ ಕಣಿವೆಗಳನ್ನು ಮೂಡಿಸುತ್ತವೆ. ಗೂಟಗಳನ್ನೆಷ್ಟು ಎಣಿಸಿದರೂ ಹಗ್ಗಗಳ ಹೆಣಿಗೆಯನ್ನರಿಯದೆ ಕಣಿವೆಯ ಆಳವನ್ನು ಹೇಳಲಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೋಹಿತ್ ಕುಮಾರ್ ಜಾಲಿಯವರ ಕಾರ್ಯಕ್ಷೇತ್ರವು ಈ ಹಗ್ಗಗಳದೇ. ಅವರೂ ಸಹೋದ್ಯೋಗಿಗಳೂ 2013ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಮಿರ್-200 ಎಂಬ ಮೈಕ್ರೋ ಆರ್‌ಎನ್‌ಎಯೂ ಜೆಬ್ ಎಂಬ ಪ್ರೋಟೀನೂ ಪರಸ್ಪರ ದಮನಿಸುತ್ತವೆ. ಜೆಬ್ ತನ್ನನ್ನು ತಾನೇ ಉತ್ತೇಜಿಸಿಕೊಳ್ಳುವುದೂ ಉಂಟು. ಇಷ್ಟು ಪುಟ್ಟ ಜಾಲದಿಂದ ಮೂರು ಸ್ಥಿರಸ್ಥಿತಿಗಳು ಹೊಮ್ಮಿದವು: ನೆರೆಕೋಶಗಳಿಗೆ ಅಂಟಿ ನಿಲ್ಲುವುದು, ಬಿಡಿಯಾಗಿ ಅಲೆಯುವುದು, ಮತ್ತು ಅಂಟಿಕೊಂಡೇ ಗುಂಪಾಗಿ ಚಲಿಸುವ ಮಿಶ್ರಸ್ಥಿತಿ. ಕ್ಯಾನ್ಸರ್ ಹರಡುವಿಕೆಯನ್ನು ಅಧ್ಯಯನ ಮಾಡುವವರಿಗೆ ಈ ಮೂರನೆಯದು ಇಂದು ಅತ್ಯಂತ ಮುಖ್ಯವಾದುದು. ಕೇವಲ ಪಟ್ಟಿಯಿಂದ ಇದನ್ನು ಯಾರು ಊಹಿಸಬಹುದಾಗಿತ್ತು?

ಇನ್ನು ಅಳೆಯದ ವೇಗಗಳ ಮಾತು. 2017ರಲ್ಲಿ ಪ್ರಕಟವಾದ ‘ರೇಸಿಪಿ’ ವಿಧಾನವು ಜಾಲದ ಹೆಣಿಗೆಯನ್ನು ಮಾತ್ರ ಹಿಡಿದುಕೊಂಡು, ವೇಗಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತ ಸಾವಿರಾರು ಮಾದರಿಗಳನ್ನು ನಡೆಸುತ್ತದೆ. ಅಂಕಿಗಳು ಹೇಗೆ ಬದಲಾದರೂ ಮರಳಿ ಮರಳಿ ಕಾಣಿಸಿಕೊಳ್ಳುವ ಸ್ಥಿತಿಗಳು ಹೆಣಿಗೆಯವೇ ಹೊರತು ಊಹೆಯವಲ್ಲ.

ಮೊದಲಿನ ಪ್ರಶ್ನೆಗೆ ಹಿಂತಿರುಗಿದರೆ, ಯಮನಾಕರ ತಂತುಕೋಶಗಳೂ ಮರಳುವ ಹಾದಿಯಲ್ಲಿ ಮೊದಲು ಅಲೆಯುವ ಗುಣವನ್ನು ತೊರೆದು ಅಂಟುವ ಗುಣವನ್ನು ಪಡೆಯಬೇಕೆಂಬುದು 2010ರಲ್ಲಿ ಪ್ರಯೋಗಗಳಿಂದ ತಿಳಿದುಬಂದಿತು. ಇಷ್ಟಕ್ಕೂ ಒಪ್ಪದಿದ್ದರೆ, ಆಕ್ಷೇಪಕ ಮಹಾಶಯರು ಪರಸ್ಪರ ದಮನಿಸುವ ಎರಡೇ ವಂಶವಾಹಿಗಳ ಸಮೀಕರಣವನ್ನು ತಮ್ಮ ಗಣಕದಲ್ಲಿ ಒಮ್ಮೆ ನಡೆಸಿ, ಕಂಡುದನ್ನು ನನಗೆ ಬರೆಯಲಿ; ಮುಂದಿನ ವಾರದ ಅಂಕಣವನ್ನು ಆ ಪತ್ರಕ್ಕೇ ಮೀಸಲಿಡುವೆನು.