ಹದಿನಾರನೇ ಚಾನೆಲ್ಲು, ಒಂಬತ್ತನೇ ದರ್ಜೆ

ಕುಮಟಾದ ಮೀನುಪೇಟೆಯಲ್ಲಿ ಬಂಗಡೆ ಕೊಂಡು ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪಕ್ಕದಲ್ಲಿದ್ದವರು ಅದೇ ಹೊತ್ತಿಗೆ ಫೋನಿನಲ್ಲಿ ಸಲೀಸಾಗಿ ಮಾತಾಡುತ್ತಿದ್ದರು. 'ಅಡ್ಡಿಲ್ಲ ತಮಾ' ಅನ್ನುತ್ತ ಮೀನಿನ ಅಮ್ಮ ಕಾದಳು.

ಟವರು ಕೆಟ್ಟಿರಲಿಲ್ಲ. 4ಜಿಯಲ್ಲಿ ಪ್ರತಿ ಬಗೆಯ ಸೇವೆಗೂ ಒಂದು ದರ್ಜೆಯ ಅಂಕಿ ಇದೆ. ಮಾತಿಗೆ 1: ಜಾಗ ಖಾತ್ರಿ, ತಡ 100 ಮಿಲಿಸೆಕೆಂಡು ಮೀರಕೂಡದು. ಸಾಮಾನ್ಯ ಇಂಟರ್ನೆಟ್ಟಿಗೆ 9: ಖಾತ್ರಿಯಿಲ್ಲ, 300 ಮಿಲಿಸೆಕೆಂಡಿನವರೆಗೂ ಕಾಯಬೇಕು. 10 ಮೆಗಾಹರ್ಟ್ಸ್ ಪಟ್ಟಿಯಾದರೆ ಟವರು ಅದನ್ನು 50 ತುಂಡು ಮಾಡಿ, ಯಾರಿಗೆಷ್ಟು ಎಂದು ಪ್ರತಿ ಮಿಲಿಸೆಕೆಂಡಿಗೂ ಹೊಸದಾಗಿ ಹಂಚುತ್ತದೆ. ಮಾತನ್ನು ಮುಂದೆ ಬಿಟ್ಟದ್ದು ಸರಿಯೇ. 20 ಮಿಲಿಸೆಕೆಂಡಿಗೊಂದರಂತೆ ಹೊರಡುವ ದನಿಯ ಚೂರು ತಡವಾದರೆ ಕೆಲಸಕ್ಕೆ ಬಾರದು.

ನನ್ನ ತಕರಾರು ಒಂಬತ್ತನೇ ದರ್ಜೆಯ ಮೇಲೆ. ಮೀನಿನ ದುಡ್ಡು, ಗಾಳಿಮಳೆಯ ಮುನ್ಸೂಚನೆ, ಮಗುವಿನ ಪಾಠ, ರೀಲ್ಸು ಎಲ್ಲ ಒಂದೇ ಚೀಲಕ್ಕೆ ಬೀಳುತ್ತವೆ. ಟವರು ಬಗೆ ನೋಡುತ್ತದೆ, ಗರಜು ನೋಡುವುದಿಲ್ಲ. ಗೇರುಸೊಪ್ಪೆ ಕಡೆ ಗುಡ್ಡದ ಮರೆಯಲ್ಲಿರುವ ಮನೆಗೆ ಇನ್ನೊಂದು ಪೆಟ್ಟು. ಸಿಗ್ನಲ್ ಸೊರಗಿದಲ್ಲಿ ಅದೇ ಫೋಟೋಕ್ಕೆ ಹೆಚ್ಚು ತುಂಡು ಬೇಕು. ಒಟ್ಟು ವೇಗವನ್ನಷ್ಟೇ ಎಣಿಸುವ ಹಂಚಿಕೆಗೆ ಆ ಮನೆಯವರನ್ನು ಕಾಯಿಸುವುದೇ ಲಾಭ.

ಇದಕ್ಕಿಂತ ಹಳೆಯದೊಂದು ಹಂಚಿಕೆ ಸಮುದ್ರದಲ್ಲಿದೆ. ತದಡಿ, ಕಾಸರಕೋಡ ಟೊಂಕ, ತೆಂಗಿನಗುಂಡಿಗಳಾಚೆಯ ನೀರಿನಲ್ಲೂ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ಲು, ಅಂದರೆ 156.8 ಮೆಗಾಹರ್ಟ್ಸ್, ಕರೆಯಲು ಮತ್ತು ಆಪತ್ತು ತಿಳಿಸಲು ಮಾತ್ರ. ಕರೆದಾದ ಮೇಲೆ ಹರಟೆಗೆ ಬೇರೆ ಚಾನೆಲ್ಲಿಗೆ ಹೋಗಬೇಕು. ಅಲ್ಲಿಯೂ ಮೂರು ದರ್ಜೆ: ಜೀವಕ್ಕೆ ಕುತ್ತು ಬಂದರೆ ಮೇಡೇ, ತುರ್ತಿಗೆ ಪ್ಯಾನ್‌ಪ್ಯಾನ್, ಎಚ್ಚರಿಕೆಗೆ ಸೆಕ್ಯುರಿಟೇ. ಮೇಡೇ ಕೇಳಿದರೆ ದೊಡ್ಡ ಹಡಗೂ ಬಾಯಿ ಮುಚ್ಚಬೇಕು. ಯಂತ್ರ ಸರಳ, ಆದರೆ ವಿವೇಕ ದೊಡ್ಡದು. ಅಲ್ಲಿ ಮೊದಲ ಸರದಿ ಗರಜಿನದು.

ಟವರಿನಲ್ಲೂ 112ರ ಕರೆಗೆ ಇಂಥ ಗೌರವ ಉಂಟು. ಅದು ಡೇಟಾಕ್ಕೆ ಇಳಿದಿಲ್ಲ. ಇಳಿಸುವಾಗ ದುಡ್ಡಿದ್ದವರ ಆ್ಯಪು ಮುಂದೆ ನುಗ್ಗೀತೆಂಬ ಭಯ ನಿಜವಾದದ್ದು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್, ಏನನ್ನು ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಿಸುವುದನ್ನು ನಿಷೇಧಿಸಿದಾಗಲೂ ತುರ್ತು ಸೇವೆಗಳಿಗೆ ವಿನಾಯಿತಿ ಇಟ್ಟಿತ್ತು. ಆ ಬಾಗಿಲನ್ನು ಇನ್ನಷ್ಟು ತೆರೆಯಲಿ, ಯಾವುದು ಮೊದಲೆಂಬುದನ್ನು ಕಂಪನಿಯಲ್ಲ, ಸಾರ್ವಜನಿಕ ನಿಯಮ ಹೇಳಲಿ. ಬಂಗಡೆಯ ದುಡ್ಡು ಕೆಲವೇ ಕಿಲೋಬೈಟು. ಅದನ್ನು ಮುಂದೆ ಬಿಟ್ಟರೆ ರೀಲ್ಸು ನೋಡುವವರಿಗೆ ಗೊತ್ತೂ ಆಗದು.