ವೈಕಂ ಪತ್ರ: ಪ್ರಾಯಶ್ಚಿತ್ತಕ್ಕೆ ಹೊರಗಿನವರು ಯಾರು?

ಗಾಂಧೀಜಿಯವರನ್ನು ಕುರಿತ ನಮ್ಮ ಪ್ರಬೋಧನೆಗಳು ಬಹುಮಟ್ಟಿಗೆ ಪರ್ವತ ಪ್ರಸಂಗದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಅವರು ಆ ಬೋಧನೆಯನ್ನು ಮೆಚ್ಚಿದ್ದರೆಂಬುದು ನಿಜ. ಆದರೆ ನಮ್ಮದನ್ನು ಮೆಚ್ಚಿದವರನ್ನು ನಾವು ಮೆಚ್ಚಿಕೊಳ್ಳುವುದು ವಿಮರ್ಶೆಯಾಗಲಾರದು. ದೈವಶಾಸ್ತ್ರವು ಅವರೊಡನೆ ವಾದಿಸಬೇಕಾದ ಸ್ಥಳ ಬೇರೆಯೇ ಇದೆ: 1924ರ ಏಪ್ರಿಲ್ 6ರಂದು ಅವರು ಬ್ಯಾರಿಸ್ಟರ್ ಜಾರ್ಜ್ ಜೋಸೆಫರಿಗೆ ಬರೆದ ಪತ್ರ.

ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ಶಿವದೇವಾಲಯದ ಸುತ್ತಲಿನ ರಸ್ತೆಗಳು ಈಳವರಿಗೂ ಪುಲಯರಿಗೂ ನಿಷಿದ್ಧವಾಗಿದ್ದವು. ಅದರ ವಿರುದ್ಧ ಆ ವರ್ಷದ ಮಾರ್ಚ್ 30ರಂದು ಸತ್ಯಾಗ್ರಹ ಆರಂಭವಾಯಿತು. ಸಿರಿಯನ್ ಕ್ರೈಸ್ತರಾದ ಜೋಸೆಫರು ಅದರಲ್ಲಿ ಮುಂದಾಳಾಗಿ ನಿಂತರು. ಅವರು ಗಾಂಧೀಜಿಗೆ ಅಪರಿಚಿತರಲ್ಲ. 'ಯಂಗ್ ಇಂಡಿಯಾ' ಪತ್ರಿಕೆಯ ಸಂಪಾದಕತ್ವ ವಹಿಸಿದ್ದವರು. ಆದರೂ ಗಾಂಧೀಜಿಯವರ ಸಲಹೆ ಸ್ಪಷ್ಟವಾಗಿತ್ತು: ಈ ಕಾರ್ಯವನ್ನು ಹಿಂದೂಗಳಿಗೇ ಬಿಡಬೇಕು. ಅಸ್ಪೃಶ್ಯತೆ ಹಿಂದೂಗಳ ಪಾಪ. ಶುದ್ಧಿಗಾಗಿ ನೋಯಬೇಕಾದವರೂ ಅವರೇ.

ಈ ನಿಲುವನ್ನು ಕೇವಲ ಮತಾಂತರದ ಭಯವೆಂದು ತಳ್ಳಿಹಾಕುವುದು ಅನ್ಯಾಯ. ಇದರಲ್ಲಿ ಪ್ರಾಯಶ್ಚಿತ್ತದ ಗಂಭೀರ ಸಿದ್ಧಾಂತವಿದೆ. ನನ್ನ ಪಾಪನಿವೇದನೆಯನ್ನು ಬೇರೊಬ್ಬರು ಮಾಡಲಾರರು ಎಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವೂ ಬಲ್ಲ. ಆದರೆ ಗಾಂಧೀಜಿಯವರ ಜೀವನವೇ ಈ ಎಲ್ಲೆಯನ್ನು ಮೀರಿತ್ತು. 1913ರಲ್ಲಿ ಫೀನಿಕ್ಸ್ ಆಶ್ರಮದ ಇಬ್ಬರು ನೈತಿಕವಾಗಿ ಜಾರಿದಾಗ, ಏಳು ದಿನ ಉಪವಾಸವಿದ್ದು ನಾಲ್ಕೂವರೆ ತಿಂಗಳು ಒಪ್ಪೊತ್ತಿನ ಊಟ ಮಾಡಿದವರು ಅವರೇ. ತಪ್ಪು ಅವರದಲ್ಲ, ಹೊಣೆ ಮಾತ್ರ ಅವರದೆಂದು ಭಾವಿಸಿದರು. ಅದೇ ಹೊಣೆಗಾರಿಕೆಯನ್ನು ಜೋಸೆಫರಿಗೇಕೆ ನಿರಾಕರಿಸಬೇಕಿತ್ತು?

ಪತ್ರದ ನಿಜವಾದ ಕೊರತೆ ಇನ್ನೊಂದು. ಈಳವರು ಕಾಲಿಡಬಾರದ ಆ ರಸ್ತೆಗಳಲ್ಲಿ ಕ್ರೈಸ್ತರೂ ಮುಸಲ್ಮಾನರೂ ನಿರಾತಂಕವಾಗಿ ನಡೆದಾಡಬಹುದಿತ್ತು. ಎಂದಮೇಲೆ ಕ್ರೈಸ್ತನು ಅಲ್ಲಿ ಬರಿಯ ಪ್ರೇಕ್ಷಕನಲ್ಲ, ಆ ವ್ಯವಸ್ಥೆಯ ಫಲಾನುಭವಿ. ತನಗೆ ತೆರೆದ ದಾರಿ ನೆರೆಯವನಿಗೆ ಮುಚ್ಚಿದೆಯೆಂದು ತಿಳಿದೂ ನಡೆಯುತ್ತಿದ್ದವನಿಗೆ 'ನೀನು ಹೊರಗಿನವನು' ಎನ್ನುವುದು ಅವನನ್ನು ಹಗುರಾಗಿ ಬಿಟ್ಟುಬಿಟ್ಟಂತೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಆ ಬಿಡುಗಡೆ ಹಿತವೇ ಆಗಿದ್ದಿರಬೇಕು! ಇತ್ತ, ಪಾಪವಿಲ್ಲದ ಪ್ರಭು ಯೊರ್ದಾನಿನಲ್ಲಿ ಪಶ್ಚಾತ್ತಾಪಿಗಳ ಸಾಲಿನಲ್ಲಿ ನಿಂತರು. ಅವರನ್ನು ತಡೆಯಲೆತ್ನಿಸಿದ ಯೊವಾನ್ನನ ತರ್ಕಕ್ಕೂ ವೈಕಂ ಪತ್ರದ ತರ್ಕಕ್ಕೂ ಹೋಲಿಕೆಯಿದೆ. ಎರಡರಲ್ಲೂ ಭಕ್ತಿಯಿದೆ, ಎರಡರಲ್ಲೂ ಮನುಷ್ಯಾವತಾರದ ತರ್ಕಕ್ಕೆ ಎಡೆಯಿಲ್ಲ.

ಜೋಸೆಫರು ಹಿಂದೆ ಸರಿಯಲಿಲ್ಲ. ಅದೇ ತಿಂಗಳು ಬಂಧಿತರಾದರು. 1925ರ ನವೆಂಬರಿನಲ್ಲಿ ಸತ್ಯಾಗ್ರಹ ಕೊನೆಗೊಂಡಾಗ ಮೂರು ದಿಕ್ಕಿನ ರಸ್ತೆಗಳು ತೆರೆದಿದ್ದವು, ಪೂರ್ವದ್ದು ತೆರೆದಿರಲಿಲ್ಲ.

ಇಷ್ಟು ಹೇಳಿದ ಮೇಲೂ ಪತ್ರವನ್ನು ಮಡಿಸಿಡಲು ನಮಗೆ ಅಧಿಕಾರವಿಲ್ಲ. ಜಾತಿಯ ಪ್ರಕಾರ ಸ್ಮಶಾನವನ್ನು ವಿಭಜಿಸಿದ ಧರ್ಮಕೇಂದ್ರಗಳು ಈ ದೇಶದಲ್ಲಿವೆ. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಪಾಪ ಯಾರದೋ ಪ್ರಾಯಶ್ಚಿತ್ತ ಅವರದೆಂಬ ಗಾಂಧೀಜಿಯವರ ನಿಯಮ ವೈಕಂನಲ್ಲಿ ಜೋಸೆಫರನ್ನು ಹೊರಗಿಟ್ಟಿತು. ಆ ಸ್ಮಶಾನಗಳ ಗೋಡೆಯ ಬಳಿ ಅದು ಬೆರಳು ತೋರುವುದು ಅಲ್ಲಿ ಬಲಿಪೂಜೆ ಅರ್ಪಿಸುವವರ ಕಡೆಗೆ.